ಹಳಿ ಎದ್ದುಹೋದ ದಾರಿ

ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ಹೊಡೆಯುವವರಿಗೆ ಬೆನ್ನಿನಲ್ಲೊಂದು ಕಿವಿ ಬೆಳೆದಿರುತ್ತದೆ. ಹಿಂದೆ ಬರುತ್ತಿರುವುದು ಸಿಟಿ ಬಸ್ಸೋ, ನೀರಿನ ಟ್ಯಾಂಕರೋ, ಡೆಲಿವರಿ ಹುಡುಗನ ಸ್ಕೂಟರೋ ಅನ್ನುವುದು ತಿರುಗಿ ನೋಡದೆ ಗೊತ್ತಾಗಬೇಕು. ಅದು ಎಷ್ಟು ಹತ್ತಿರ ಬಂತು, ಜಾಗ ಬಿಟ್ಟು ಹೋಗುತ್ತದೋ ಒತ್ತರಿಸಿಕೊಂಡು ಹೋಗುತ್ತದೋ ಅನ್ನುವುದೂ ಗೊತ್ತಾಗಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ವರ್ಷ ಕಳೆದಂತೆ ಮೈಗೆ ತಾನಾಗಿ ಬರುತ್ತದೆ, ಬಂದಮೇಲೆ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ನನಗೆ ಅದು ನೆನಪಾದದ್ದು ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ಆ ಕಿವಿಗೆ ಏನೂ ಕೆಲಸವಿಲ್ಲದ ಒಂದು ದಾರಿಯಲ್ಲಿ.

ಲಿಯೋಂನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳ ಜೊತೆ ಶಾಲೋಂ-ಸ್ಯುರ್-ಸೋನ್‌ವರೆಗೆ ಸೈಕಲ್ ಸಮೇತ ರೈಲಿನಲ್ಲಿ ಹೋಗಿ, ಅಲ್ಲಿಂದ ಜಿವ್ರಿ ಅನ್ನುವ ಸಣ್ಣ ಊರಿಗೆ ತುಳಿದುಕೊಂಡು ಬಂದಿದ್ದೆವು. ಜಿವ್ರಿಯಿಂದ ಕ್ಲೂನಿಗೆ 44 ಕಿಲೋಮೀಟರು. ಒಂದು ಕಾಲಕ್ಕೆ ರೈಲು ಓಡುತ್ತಿದ್ದ ದಾರಿ ಅದು. ಹಳಿ ಕಿತ್ತು, ನುಣುಪಾಗಿ ಡಾಂಬರು ಹಾಕಿ, 1997ರಲ್ಲಿ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಅಲ್ಲಿ ಇಂಥ ದಾರಿಗೆ ‘ವ್ವಾ ವೆರ್ತ್’, ಹಸಿರು ದಾರಿ ಅನ್ನುತ್ತಾರೆ. ಇಡೀ ಫ್ರಾನ್ಸಿನಲ್ಲಿ ಮೊದಲನೆಯದು ಇದೇ. ಕಾರಿಲ್ಲ, ಬೈಕಿಲ್ಲ, ಟ್ರ್ಯಾಕ್ಟರ್ ಕೂಡ ಅಡ್ಡ ದಾಟಿ ಹೋಗುತ್ತದೆಯೇ ಹೊರತು ನಮ್ಮ ಜೊತೆ ಬರುವುದಿಲ್ಲ. ಎಡಕ್ಕೆ ಬಲಕ್ಕೆ ದ್ರಾಕ್ಷಿ ತೋಟ, ಆಮೇಲೆ ಹುಲ್ಲುಗಾವಲು, ಅದರಲ್ಲಿ ಬಿಳಿಯ ಶಾರೊಲೆ ದನಗಳು. ಕಣ್ಣು ಇದನ್ನೆಲ್ಲ ನೋಡುತ್ತಿತ್ತು, ಬೆನ್ನಿನ ಕಿವಿ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಗಾಳಿಗೆ ಎಲೆ ಅಲ್ಲಾಡಿದರೆ ಟೈರಿನ ಸದ್ದು ಅನ್ನಿಸುತ್ತಿತ್ತು. ಅಕ್ಕನ ಮಗಳು ಹಿಂದಿನಿಂದ ಗೇರ್ ಬದಲಿಸಿದರೆ ನಾನು ಅಂಚಿಗೆ ಸರಿಯುತ್ತಿದ್ದೆ. “ಚಿಕ್ಕಮ್ಮ, ಯಾಕೆ ಹುಲ್ಲಿನೊಳಕ್ಕೆ ಹೋಗ್ತಾ ಇದೀರ? ಮಧ್ಯ ಬನ್ನಿ, ಪಕ್ಕಪಕ್ಕದಲ್ಲೇ ಹೋಗೋಣ” ಅಂದಳು. ಪಕ್ಕಪಕ್ಕದಲ್ಲಿ, ಮಾತಾಡುತ್ತ ಸೈಕಲ್ ಹೊಡೆದು ನನಗೆ ಎಷ್ಟು ಕಾಲವಾಗಿತ್ತೋ. ಸ್ಕೂಲಿಗೆ ಹೋಗುವಾಗ ಹಾಗೆ ಹೋಗುತ್ತಿದ್ದೆವು.

ಬುಸ್ಸಿ ದಾಟಿ, ಸಾಂ-ಜಾಂಗು ದಾಟಿ, ಕೊರ್ಮಾತಾಂನ ಕೋಟೆಮನೆ ಹತ್ತಿರ ಬರುವಷ್ಟರಲ್ಲಿ ಕುತ್ತಿಗೆಯ ಹಿಂದಿನ ಬಿಗಿ ಸಡಿಲವಾಗಿತ್ತು. ನನಗೆ ಅದು ಬರೀ ವಿಹಾರದ ಸುಖ ಅನ್ನಿಸಲಿಲ್ಲ. ಇಷ್ಟು ವರ್ಷ ಮೈ ಎಷ್ಟು ಹೊತ್ತುಕೊಂಡಿತ್ತು ಅನ್ನುವುದು ಇಳಿಸಿದ ಮೇಲೆ ತಿಳಿದಂತಾಯಿತು, ಸ್ವಲ್ಪ ಸಿಟ್ಟೂ ಬಂತು. ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ: ಇಷ್ಟು ಸಪಾಟಾದ, ಇಷ್ಟು ನಿಶ್ಶಬ್ದವಾದ ದಾರಿ ಎಲ್ಲಿಂದ ಬಂತು? ಯಾರು, ಯಾರಿಗೋಸ್ಕರ ಮಾಡಿದರು, ಅವರೆಲ್ಲ ಎಲ್ಲಿ ಹೋದರು?

ಏರು ಇಲ್ಲದಿರುವುದಕ್ಕೆ ಕಾರಣ

ಫ್ರಾನ್ಸಿನ ಹಳ್ಳಿಗಾಡು ಸೌಮ್ಯ ಅನ್ನುವವರು ಹಸಿರು ದಾರಿ ಬಿಟ್ಟು ಪಕ್ಕದ ಊರಿಗೊಮ್ಮೆ ಹೋಗಿಬರಬೇಕು. ಬ್ರೆಡ್ಡು ತರಲು ಅಂತ ನಾವು ಎರಡು ಕಿಲೋಮೀಟರು ಪಕ್ಕಕ್ಕೆ ಹೋದಾಗ ಸಣ್ಣ ಗೇರಿನಲ್ಲೂ ನಿಂತು ತುಳಿಯುವ ಹಾಗಾಯಿತು. ತೇಜೆಯ ಪ್ರಾರ್ಥನಾ ಸಮುದಾಯ, ಬೇಸಿಗೆಯಲ್ಲಿ ಜಗತ್ತಿನ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬಂದು ಸೇರುವ ಜಾಗ, ಈ ದಾರಿಯ ಪಕ್ಕದಲ್ಲೇ ಇದ್ದರೂ ಗುಡ್ಡದ ಮೇಲಿದೆ. ಮೇಲೆ ಹೋಗುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ. ಸೀಮೆಯೇನೂ ಸಮತಟ್ಟಾಗಿಲ್ಲ. ಸಮತಟ್ಟಾಗಿರುವುದು ಆ ಒಂದು ಪಟ್ಟಿ ಮಾತ್ರ, ಯಾಕೆಂದರೆ ಉಗಿಬಂಡಿಗೆ ಏರು ಹತ್ತಲು ಆಗುತ್ತಿರಲಿಲ್ಲ. ನೂರು ಮೀಟರಿಗೆ ಎರಡು ಮೂರು ಮೀಟರು ಏರಿದರೇ ಅದರ ಚಕ್ರ ಜಾರುತ್ತಿತ್ತು. ಹಾಗಾಗಿ ದಿಣ್ಣೆ ಬಂದಲ್ಲಿ ಕಡಿದರು, ತಗ್ಗು ಬಂದಲ್ಲಿ ಮಣ್ಣು ತುಂಬಿದರು, ತಿರುವನ್ನು ದೂರದಿಂದಲೇ ನಿಧಾನವಾಗಿ ತಿರುಗಿಸಿದರು. ನಾನು ಮಧ್ಯಾಹ್ನವೆಲ್ಲ ಉಸಿರು ಕಟ್ಟದೆ ತುಳಿದದ್ದು 19ನೇ ಶತಮಾನದ ಕೂಲಿಯವರು ಗುದ್ದಲಿ, ಪಿಕಾಸಿ, ಮದ್ದಿನಿಂದ ಮಾಡಿಟ್ಟ ಲೆಕ್ಕದ ಮೇಲೆ.

ಆ ಕಾಲದಲ್ಲಿ ಫ್ರಾನ್ಸಿಗೆ ರೈಲಿನ ಹುಚ್ಚು ಹಿಡಿದಿತ್ತು. 1878-79ರಲ್ಲಿ ಲೋಕೋಪಯೋಗಿ ಮಂತ್ರಿಯಾಗಿದ್ದ ಶಾರ್ಲ್ ದ ಫ್ರೇಸಿನೆ, ನಮ್ಮ ತಾಲ್ಲೂಕು ಕೇಂದ್ರದಂಥ ಪ್ರತಿಯೊಂದು ಊರಿಗೂ ರೈಲು ಮುಟ್ಟಬೇಕು ಅಂತ ಯೋಜನೆ ಹಾಕಿದರು. ಕಾಲುವೆಗಳಿಗೂ ಒಂದೇ ಅಳತೆ ತಂದವರು ಅವರೇ: 38.5 ಮೀಟರು ಉದ್ದದ ಸರಕು ದೋಣಿ ದೇಶದ ಮುಖ್ಯ ಕಾಲುವೆಗಳಲ್ಲೆಲ್ಲ ಹಾದುಹೋಗಬೇಕು ಅಂತ. ಹೀಗೆ ದೇಶದ ತುಂಬ ಸಪಾಟು ಪಟ್ಟಿಗಳ ಬಲೆಯೊಂದು ಹರಡಿಕೊಂಡಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಲಾರಿ, ಬಸ್ಸು, ಕಾರು ಬಂದವು. ಸಣ್ಣ ಲೈನುಗಳು ಒಂದೊಂದಾಗಿ ಮುಚ್ಚಿದವು, ಸಣ್ಣ ಕಾಲುವೆಗಳಲ್ಲಿ ಸರಕು ನಿಂತುಹೋಯಿತು. ಬಲೆ ಮಾತ್ರ ನೆಲದ ಮೇಲೆ ಉಳಿಯಿತು.

ಕಾಲುವೆ ದಡದ ಸೈಕಲ್ ಸುಖ ನಮ್ಮ ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಸೈಕಲ್ ಕಲಿತದ್ದೇ ವಿ.ಸಿ. ನಾಲೆಯ ಏರಿಯ ಮೇಲೆ, ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ. ಕೆ.ಆರ್.ಎಸ್. ನೀರು ತನ್ನ ಪಾಡಿಗೆ ತಾನು ಹರಿದುಹೋಗಬೇಕಾದರೆ ನೆಲ ಎಷ್ಟು ವಾಲಬೇಕೋ ಅಷ್ಟೇ ವಾಲಿದೆ, ಏರಿಯೂ ಅದರ ಜೊತೆಗೇ ಹೋಗುತ್ತದೆ. ತುಳಿದಷ್ಟೂ ಹೋಗುತ್ತಲೇ ಇರಬಹುದು. ಗುಡ್ಡ ಅಡ್ಡ ಬಂದ ಕಡೆ ಹುಲಿಕೆರೆ ಸುರಂಗ ಕೊರೆದು ನೀರನ್ನು ಆಚೆ ದಾಟಿಸಿದ್ದಾರೆ. ಅಂದರೆ ಬರ್ಗಂಡಿಯ ಇಂಜಿನಿಯರಿಗೂ ಮಂಡ್ಯದ ಇಂಜಿನಿಯರಿಗೂ ಇದ್ದ ಕಷ್ಟ ಒಂದೇ ಜಾತಿಯದು, ಕಂಡುಕೊಂಡ ದಾರಿಯೂ ಒಂದೇ ಜಾತಿಯದು. ಆಮೇಲೆ ಆದದ್ದು ಬೇರೆ. ನಮ್ಮ ಏರಿಗಳ ಮೇಲೆ ಬಸ್ಸು ಲಾರಿ ಓಡಾಡತೊಡಗಿದವು. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸೊಂದು ನಾಲೆಗೆ ಬಿದ್ದು 30 ಜನ ಹೋದರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಫ್ರಾನ್ಸಿನ ಯಾವ ಕಾಲುವೆಯ ದಡದಲ್ಲಿ ತುಳಿಯುವಾಗಲೂ ಆ ಸುದ್ದಿ ನನ್ನ ಜೊತೆ ಇರುತ್ತದೆ. ನೀರಿನ ಪಕ್ಕದ ದಾರಿಯಲ್ಲಿ ಯಾವುದು ಓಡಾಡಬೇಕು, ಯಾವುದು ಓಡಾಡಬಾರದು ಅಂತ ಒಬ್ಬರು ಕೂತು ತೀರ್ಮಾನ ಮಾಡುವುದು ಎಷ್ಟು ದೊಡ್ಡ ವಿಷಯ ಅಂತ ಆಗ ಅನ್ನಿಸುತ್ತದೆ. ಫ್ರಾನ್ಸಿನಲ್ಲಿ 2004ರಲ್ಲಿ ಹಸಿರು ದಾರಿಯನ್ನು ಸಂಚಾರ ಕಾನೂನಿನೊಳಕ್ಕೇ ಸೇರಿಸಿದರು: ಮೋಟಾರಿಲ್ಲದ ವಾಹನಗಳು, ನಡೆಯುವವರು, ಕುದುರೆ ಸವಾರರು. ಅಷ್ಟೇ.

ಗೇಟಿನ ಮನೆ

ರೈಲು ದಾರಿಯ ಮೇಲೆ ಹೋಗುತ್ತಿದ್ದೇವೆ ಅನ್ನುವುದನ್ನು ದಾರಿ ಮರೆಯಲು ಬಿಡುವುದಿಲ್ಲ. ಪ್ಲಾಟ್‌ಫಾರಂ ಹುಲ್ಲು ಬೆಳೆದು ಹಾಗೇ ಇದೆ. ಸ್ಟೇಷನ್ ಗೋಡೆಯ ಮೇಲೆ ಊರಿನ ಹೆಸರು ಇದೆ. ಒಳಗಡೆ ಈಗ ಸೈಕಲ್ ಬಾಡಿಗೆ ಅಂಗಡಿಯೋ, ಕಾಫಿ ಅಂಗಡಿಯೋ, ಯಾರದೋ ಸಂಸಾರವೋ ಇರುತ್ತದೆ. ಇವುಗಳಿಗಿಂತ ನನಗೆ ಇಷ್ಟವಾದದ್ದು ಗೇಟ್ ಕಾಯುವವರ ಮನೆಗಳು. ರಸ್ತೆ ಮತ್ತು ಹಳಿ ಅಡ್ಡ ಹಾಯುವ ಕಡೆಯಲ್ಲೆಲ್ಲ ಒಂದೊಂದು: ಎರಡು ಕೋಣೆಯ, ಕಡಿದಾದ ಹೆಂಚಿನ ಮಾಡಿನ, ಅಚ್ಚು ಹಾಕಿದಂತೆ ಒಂದೇ ಥರದ ಮನೆ. ಗೋಡೆಯ ಮೇಲೆ ಗೇಟಿನ ನಂಬರಿನ ಫಲಕ.

ಅಂಥ ಒಂದು ಮನೆಯ ಮುಂದೆ ನಾವು ನೀರಿಗೆ ನಿಂತೆವು. ಬಿಸಿಲು ಜೋರಾಗಿತ್ತು. ಎಂಬತ್ತು ದಾಟಿದ ಒಬ್ಬ ಹೆಂಗಸು ಅಂಗಳದಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದರು, ಮೊರದಂಥ ಅಗಲವಾದ ತಟ್ಟೆ ತೊಡೆಯ ಮೇಲೆ. ಅಕ್ಕನ ಮಗಳು ಬಾಟಲಿ ತೋರಿಸಿ “ಮದಾಮ್” ಅನ್ನುವಷ್ಟರಲ್ಲಿ ಎದ್ದು ಒಳಗೆ ಹೋಗಿ ತಣ್ಣನೆಯ ನೀರು ತುಂಬಿಸಿಕೊಟ್ಟರು, ಕೂರಲು ಬೆಂಚು ತೋರಿಸಿದರು. ಬೆಂಚಿನ ಪಕ್ಕದಲ್ಲಿ ಒಂದು ಕಬ್ಬಿಣದ ಕಂಬ, ಅದಕ್ಕೊಂದು ಹಿಡಿಕೆಯಿದ್ದ ಚಕ್ರ. ಹಸಿರು ಬಣ್ಣ ಬಳಿದಿದ್ದರು, ಹಲ್ಲುಗಳ ನಡುವೆ ಹಳೆಯ ಗ್ರೀಸು ಕಪ್ಪಗೆ ಗಟ್ಟಿಯಾಗಿ ಹಾಗೇ ಇತ್ತು. ಗೇಟು ಎತ್ತಿ ಇಳಿಸುತ್ತಿದ್ದದ್ದು ಅದರಲ್ಲಿ. ಅವರ ತಾಯಿ ಈ ಗೇಟು ಕಾಯುತ್ತಿದ್ದರಂತೆ. ತಂದೆ ಹಳಿ ರಿಪೇರಿ ಗ್ಯಾಂಗಿನಲ್ಲಿದ್ದರು. ಗಂಡನಿಗೆ ಹಳಿಯ ಕೆಲಸ, ಹೆಂಡತಿಗೆ ಗೇಟು ಮತ್ತು ಈ ಮನೆ: ಆ ಕಾಲದ ಫ್ರಾನ್ಸಿನ ರೈಲ್ವೆಯಲ್ಲಿ ಸಾವಿರಾರು ಸಂಸಾರಗಳು ಹೀಗೇ ನಡೆದಿದ್ದವು. ಗೇಟು ಕಾಯುವವರಲ್ಲಿ ಹೆಂಗಸರೇ ಹೆಚ್ಚು.

“ಕೇಳೇ, ರಾತ್ರಿ ಹೊತ್ತೂ ಏಳಬೇಕಿತ್ತಾ ಅವರಮ್ಮ?” ಅಂದೆ. ಅವಳು ಕೇಳಿ, ಹೇಳಿದಳು: “ಬೆಳಗಿನ ಜಾವದ ಗೂಡ್ಸಿಗೆ ಏಳಬೇಕಿತ್ತಂತೆ ಚಿಕ್ಕಮ್ಮ. ಚಳಿಗಾಲದಲ್ಲಿ ಚಕ್ರ ಹಿಡಿದ್ರೆ ಅಂಗೈ ಕಬ್ಬಿಣಕ್ಕೆ ಅಂಟ್ಕೊಳ್ಳೋದಂತೆ, ಅದಕ್ಕೆ ಅವರಮ್ಮ ಹಳೇ ಕಾಲುಚೀಲ ಕೈಗೆ ಹಾಕ್ಕೊಂಡು ತಿರುಗಿಸೋರಂತೆ.” ಆಕೆ ಅದನ್ನು ತೋರಿಸಿದರು, ಬೀನ್ಸಿನ ತಟ್ಟೆ ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಇಲ್ಲದ ಹಿಡಿಕೆಯನ್ನು ತಿರುಗಿಸುತ್ತ. ಬುಧವಾರವೋ ಶುಕ್ರವಾರವೋ ಸಂತೆಗೆ ಇದೇ ಲೈನಿನಲ್ಲಿ ಹೋಗುತ್ತಿದ್ದದ್ದು, ಕೋಳಿ ಬುಟ್ಟಿ ಗಾಡಿಯೊಳಗೆ ಇಟ್ಟುಕೊಂಡು ಕೂರುತ್ತಿದ್ದದ್ದು, ತಾನು ಓದಿದ್ದು ರೈಲು ಇದ್ದದ್ದರಿಂದ ಅನ್ನುವುದು, ಎಲ್ಲ ಹೇಳಿದರು. ರೈಲು ನಿಂತ ಮೇಲೆ ಮುಳ್ಳುಪೊದೆ ಆಳೆತ್ತರ ಬೆಳೆದು ವರ್ಷಗಟ್ಟಲೆ ಈ ಕಡೆ ಯಾರೂ ಬರುತ್ತಿರಲಿಲ್ಲವಂತೆ.

ನಾನು ಕೇಳಲೋ ಬೇಡವೋ ಅಂದುಕೊಂಡು ಕೊನೆಗೆ ಕೇಳಿಸಿದೆ: ಈಗಿನದು ಚೆನ್ನಾಗಿದೆಯೋ ಆಗಿನದೋ? ಆಕೆ ತಕ್ಷಣ ಏನೂ ಹೇಳಲಿಲ್ಲ. ಭಾನುವಾರ ಮಕ್ಕಳು ಸೈಕಲ್ಲಿನಲ್ಲಿ ಬರುವುದನ್ನು ನೋಡಲು ಖುಷಿಯಾಗುತ್ತದೆ ಅಂದರು. ಆದರೆ ತಾನು ಇನ್ನು ಕಾರು ಓಡಿಸುವಂತಿಲ್ಲ, ಕಣ್ಣು ಸರಿಯಿಲ್ಲ. ಡಾಕ್ಟರ ಹತ್ತಿರ ಹೋಗಬೇಕಾದರೆ ಯಾರಾದರೂ ಕರೆದುಕೊಂಡು ಹೋಗಬೇಕು ಅಂದರು. ನಾವು ಹೊರಡುವಾಗ ಒಂದು ಮುಷ್ಟಿ ಚೆರ್ರಿ ಕಾಗದದಲ್ಲಿ ಕಟ್ಟಿಕೊಟ್ಟರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಅನುಭವಿಸಿದ ನಿಶ್ಶಬ್ದ ಇದೆಯಲ್ಲ, ಅದು ಆಕೆಯ ರೈಲು ನಿಂತದ್ದರಿಂದ ಬಂದದ್ದು. ಹಳ್ಳಿಯವರ ಓಡಾಟಕ್ಕೆ ಕಾರೊಂದೇ ಗತಿ ಅಂತಾದ ಮೇಲೆ ಉಳಿದ ಖಾಲಿ ಪಟ್ಟಿಯ ಮೇಲೆ, ದೂರದಿಂದ ಬಂದ ನಾನು ಕಾರಿಲ್ಲದ ಸುಖ ಪಡುತ್ತಿದ್ದೇನೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಆ ದಾರಿಯ ಬಗ್ಗೆ ಮಾತಾಡಬೇಕು. ಹಸಿರು ದಾರಿಯನ್ನು ಬರೀ ಹಬ್ಬದಂತೆ ಬರೆಯುವುದು ನನಗೆ ಒಗ್ಗುವುದಿಲ್ಲ. ಫ್ರಾನ್ಸಿನಲ್ಲೂ ಕೆಲವು ಕಡೆ ಸಣ್ಣ ಲೈನುಗಳಿಗೆ ಮತ್ತೆ ರೈಲು ತರಬೇಕು ಅಂತ ಜನ ಕೇಳುತ್ತಾರೆ, ಆಗ ಸೈಕಲ್ ದಾರಿ ಏನಾಗಬೇಕು ಅಂತ ಜಗಳ ಬರುತ್ತದೆ. ನನ್ನನ್ನು ಕೇಳಿದರೆ ರೈಲಿಗೇ ಮೊದಲ ಹಕ್ಕು. ಆದರೆ ಹಾಗೆ ಕೇಳುವುದಕ್ಕಾದರೂ ಪಟ್ಟಿ ಉಳಿದಿರಬೇಕು. ತುಂಡು ತುಂಡಾಗಿ ಮಾರಿ, ಮೇಲೆ ಮನೆ, ಗೋದಾಮು ಕಟ್ಟಿಬಿಟ್ಟಿದ್ದರೆ ರೈಲೂ ಇಲ್ಲ, ಸೈಕಲ್ಲೂ ಇಲ್ಲ. ಸೋನ್-ಎ-ಲ್ವಾರ್ ಜಿಲ್ಲೆಯವರು ಮಾಡಿದ ದೊಡ್ಡ ಕೆಲಸ ಡಾಂಬರು ಹಾಕಿದ್ದಲ್ಲ. ಊರಿಂದ ಊರಿಗೆ ಇದ್ದ ಆ ಎಳೆ ಹರಿಯದಂತೆ ಹಿಡಿದುಕೊಂಡದ್ದು. ಡಾಂಬರು ಯಾವಾಗ ಬೇಕಾದರೂ ಹಾಕಬಹುದು.

ಬಾವಲಿಗಳ ಪಾಲು

ಕ್ಲೂನಿಯಿಂದ ಮುಂದೆ ಮಾಕೋಂ ಕಡೆಗೆ ಹೋಗುವವರಿಗೆ ಬ್ವಾ ಕ್ಲೇರ್ ಸುರಂಗ ಸಿಗುತ್ತದೆ. (ಕ್ಲೂನಿಯಲ್ಲಿ ಇಳಿದು ಮಠ ನೋಡದೆ ಹೋಗಬೇಡಿ. 910ರಲ್ಲಿ ಸ್ಥಾಪನೆಯಾದದ್ದು, ರೋಮಿನ ಈಗಿನ ಸೇಂಟ್ ಪೀಟರ್ಸ್ ಏಳುವ ತನಕ ಅದಕ್ಕಿಂತ ದೊಡ್ಡ ಚರ್ಚು ಕ್ರೈಸ್ತ ಜಗತ್ತಿನಲ್ಲಿರಲಿಲ್ಲ. ಕ್ರಾಂತಿಯಾದ ಮೇಲೆ ಕಲ್ಲುಗಣಿಯ ಹಾಗೆ ಒಡೆದು ಮಾರಿಬಿಟ್ಟರು. ಉಳಿದಿರುವ ಒಂದು ಗೋಪುರದ ಕೆಳಗೆ ನಿಂತು ಕತ್ತೆತ್ತಿದರೆ ಇಲ್ಲದಿರುವುದು ಎಷ್ಟು ದೊಡ್ಡದಿತ್ತು ಅಂತ ಅಂದಾಜಾಗುತ್ತದೆ.) ಸುರಂಗದ ಉದ್ದ 1.6 ಕಿಲೋಮೀಟರು. ಜೂನ್ ತಿಂಗಳ ಬಿಸಿಲಿನಿಂದ ಒಳಕ್ಕೆ ಹೋದದ್ದೇ ಹಲ್ಲು ಕಟಕಟ ಅನ್ನುವಷ್ಟು ಚಳಿ. ದೀಪಗಳಿವೆ, ಆದರೂ ಆಚೆಯ ಬಾಯಿ ಗುಂಡುಸೂಜಿಯ ತಲೆಯಷ್ಟು ಕಾಣುತ್ತ, ತುಳಿದಷ್ಟೂ ದೊಡ್ಡದಾಗುವುದೇ ಇಲ್ಲವೇನೋ ಅನ್ನಿಸುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಆಳು ನಿಲ್ಲುವಷ್ಟು ಗೂಡು ತೋಡಿದ್ದಾರೆ. ರೈಲು ಬಂದಾಗ ಗ್ಯಾಂಗಿನವರು ಒತ್ತಿಕೊಂಡು ನಿಲ್ಲಲು. ಕಲ್ಲಿನ ಮೇಲೆ ಹೊಗೆಯ ಮಸಿ ಇನ್ನೂ ಇದೆ, ಬೆರಳಿಗೆ ಅಂಟುತ್ತದೆ.

ಚಳಿಗಾಲದಲ್ಲಿ ಈ ಸುರಂಗಕ್ಕೆ ಬೀಗ. ಬಾವಲಿಗಳು ಅಲ್ಲಿ ನಿದ್ದೆಗೆ ಇಳಿಯುತ್ತವೆ, ವಸಂತ ಬರುವತನಕ ಅವನ್ನು ಎಬ್ಬಿಸಬಾರದು. ಸೈಕಲ್ಲಿನವರು ಆಗ ಗುಡ್ಡ ಹತ್ತಿ ರಸ್ತೆಯಲ್ಲೇ ಹೋಗಬೇಕು. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಅದೇ ಗುಡ್ಡದ ಪಕ್ಕದಲ್ಲಿ, 1981ರಲ್ಲಿ ಶುರುವಾದ ಪ್ಯಾರಿಸ್-ಲಿಯೋಂ ಅತಿವೇಗದ ರೈಲು ಒಂದು ಉಸಿರಿನಲ್ಲಿ ಹಾದುಹೋಗುತ್ತದೆ. ಅದಕ್ಕೆ ಸಾಂ-ಜಾಂಗುವೂ ಬೇಡ, ಕೊರ್ಮಾತಾಂ ಕೂಡ ಬೇಡ.

ನೀರಿನ ಮೆಟ್ಟಿಲು

ಅದರ ಮುಂದಿನ ವರ್ಷ ನಿವೆರ್ನೆ ಕಾಲುವೆಗೆ ಹೋದೆವು. ಒಸೇರ್ ಊರಿನಿಂದ ದಸೀಜ್‌ವರೆಗೆ 174 ಕಿಲೋಮೀಟರು. ರೈಲು ದಾರಿಯ ಡಾಂಬರು ಇಲ್ಲಿ ಉದ್ದಕ್ಕೂ ಇಲ್ಲ. ಕೆಲವು ಕಡೆ ಚೆನ್ನಾಗಿ ಅದುಮಿದ ಬಿಳಿ ಜಲ್ಲಿಪುಡಿ, ಕೆಲವು ಕಡೆ ಕಾಲುವೆ ಪಕ್ಕದ ಹಳ್ಳಿರಸ್ತೆ, ಮಳೆ ಬಂದರೆ ಮಡ್‌ಗಾರ್ಡಿನ ಕೆಳಗೆಲ್ಲ ಸುಣ್ಣದಂಥ ಕೆಸರು. ಟೈರು ಸ್ವಲ್ಪ ದಪ್ಪ ಇದ್ದರೆ ಒಳ್ಳೆಯದು.

ಈ ಕಾಲುವೆ ಹುಟ್ಟಿದ್ದು ಸೌದೆಗೋಸ್ಕರ. ಪ್ಯಾರಿಸ್ಸಿನ ಒಲೆಗಳಿಗೆ ಬೇಕಾದ ಕಟ್ಟಿಗೆ ಮೊರ್ವಾಂ ಬೆಟ್ಟಗಳ ಕಾಡಿನಿಂದ ಬರುತ್ತಿತ್ತು. ಮರ ಕಡಿದು, ತುಂಡು ಮಾಡಿ, ಒಡೆಯರ ಗುರುತು ಹಾಕಿ ಹಳ್ಳಕ್ಕೆ ಎಸೆಯುತ್ತಿದ್ದರು. ಹಳ್ಳದಿಂದ ಯೋನ್ ನದಿಗೆ ಬಂದ ಸೌದೆಯನ್ನು ಕ್ಲಾಮ್ಸಿ ಊರಿನ ಹತ್ತಿರ ಹಿಡಿದು ನಿಲ್ಲಿಸಿ, ತೆಪ್ಪ ಕಟ್ಟಿ, ಆ ತೆಪ್ಪದ ಮೇಲೇ ನಿಂತು ಪ್ಯಾರಿಸ್ಸಿಗೆ ಹೋಗುತ್ತಿದ್ದರು. ಶತಮಾನಗಳ ಕಾಲ ನಡೆದ ಕಸುಬು. ಸೌದೆ ಸಾಗಿಸುವುದು ಇನ್ನಷ್ಟು ಸುಲಭವಾಗಲಿ ಅಂತ 1784ರಲ್ಲಿ ಅಗೆಯಲು ಶುರು ಮಾಡಿದ್ದು, ನಡುವೆ ಕ್ರಾಂತಿ, ಯುದ್ಧ, ಹಣದ ಅಡಚಣೆ ಎಲ್ಲ ಬಂದು ಮುಗಿಯುವಷ್ಟರಲ್ಲಿ ಅರ್ಧ ಶತಮಾನ ದಾಟಿತ್ತು. ಅಷ್ಟರಲ್ಲಿ ಪ್ಯಾರಿಸ್ಸಿಗೆ ಕಲ್ಲಿದ್ದಲು ಬರತೊಡಗಿತ್ತು.

ಸಾರ್ದಿ ಅನ್ನುವಲ್ಲಿ 16 ಲಾಕುಗಳು ಒಂದರ ಹಿಂದೊಂದು ಇವೆ. ದೋಣಿ ಗುಡ್ಡ ಇಳಿಯಲು ಕಟ್ಟಿದ ನೀರಿನ ಮೆಟ್ಟಿಲು. ಮರದ ಕದ ಮುಚ್ಚಿ, ನೀರು ಖಾಲಿ ಮಾಡಿ, ದೋಣಿಯನ್ನು ಒಂದು ಮೆಟ್ಟಿಲು ಇಳಿಸಿ, ಮುಂದಿನ ಕದ ತೆಗೆದು, ಹೀಗೆ ಹದಿನಾರು ಸಲ. ಪ್ರತಿ ಲಾಕಿನ ಪಕ್ಕ ಕಾಯುವವರಿಗೊಂದು ಮನೆ. ಕೆಲವು ಮನೆಗಳಲ್ಲಿ ಈಗ ಕುಂಬಾರಿಕೆ ಮಾಡುವವರೋ ಕಮ್ಮಾರರೋ ಇದ್ದಾರೆ, ಕೆಲವು ಪಾಳುಬಿದ್ದಿವೆ. ನಾವು ಹೋದಾಗ ಕಾಲೇಜು ಹುಡುಗನೊಬ್ಬ ಬೇಸಿಗೆ ಕೆಲಸಕ್ಕೆ ಲಾಕು ತೆಗೆಯುತ್ತಿದ್ದ. ಬಾಡಿಗೆ ದೋಣಿಯಲ್ಲಿ ಬಂದಿದ್ದ ಸಂಸಾರವೊಂದನ್ನು ಇಳಿಸಬೇಕಾಗಿತ್ತು. ಕದದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ಕಾಲಿನ ಕೆಳಗೆ ಅರ್ಧಚಂದ್ರಾಕಾರವಾಗಿ ಕಟ್ಟಿದ ಕಲ್ಲಿನ ಏಣುಗಳಿಗೆ ಹಿಮ್ಮಡಿ ಒತ್ತಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಕದ ತೆಗೆದ. ಆ ಏಣುಗಳ ಅಂಚು ಎಷ್ಟು ಜನರ ಹಿಮ್ಮಡಿಗೆ ಸವೆದು ನುಣ್ಣಗಾಗಿದ್ದವು. ದೋಣಿ ಮುಂದಿನ ಮೆಟ್ಟಿಲಿಗೆ ಹೋದದ್ದೇ ಅವನು ಮೊಪೆಡ್ ಹತ್ತಿ ಅದಕ್ಕಿಂತ ಮೊದಲೇ ಅಲ್ಲಿಗೆ ಹೋಗಿ ನಿಂತ. ಆ ಒಂದು ಮೊಪೆಡ್ಡಿನ ಸದ್ದನ್ನು ನನ್ನ ಬೆನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಾವು ತುಳಿಯುತ್ತಿದ್ದ ದಡದ ದಾರಿ ದೋಣಿ ಎಳೆಯುವವರದು. ಕುದುರೆ, ಕತ್ತೆ ಎಳೆಯುತ್ತಿದ್ದವು ಅಂತ ಎಲ್ಲ ಕಡೆ ಬರೆದಿರುತ್ತಾರೆ, ಚಿತ್ರವೂ ಇರುತ್ತದೆ. ಕುದುರೆ ಇಡಲು ಗತಿಯಿಲ್ಲದ ದೋಣಿಯವರು ತಾವೇ ಎಳೆಯುತ್ತಿದ್ದರು, ಎದೆಗೆ ಅಡ್ಡಲಾಗಿ ಅಗಲವಾದ ಪಟ್ಟಿ ಹಾಕಿಕೊಂಡು, ಮುಂದಕ್ಕೆ ಬಾಗಿ, ಗಂಡ ಒಂದು ಹಗ್ಗ ಹೆಂಡತಿ ಒಂದು ಹಗ್ಗ. ಹಳೆಯ ಪೋಸ್ಟ್‌ಕಾರ್ಡುಗಳಲ್ಲಿ ಅಂಥವರ ಫೋಟೊಗಳಿವೆ. ಮಕ್ಕಳೂ ಎಳೆಯುತ್ತಿದ್ದರು. ನೀರಿನ ಮೇಲೆ ದೋಣಿ ಒಮ್ಮೆ ಚಲಿಸತೊಡಗಿದರೆ ಆಮೇಲೆ ಹಗುರ ಅನ್ನುತ್ತಾರೆ, ಆ ‘ಒಮ್ಮೆ’ಯ ಭಾರ ಎಷ್ಟಿತ್ತೋ. ಗೇಟಿನ ಚಕ್ರ ತಿರುಗಿಸಿದ ಆ ತಾಯಿಯೂ ಇವರೂ ನನಗೆ ಬೇರೆಬೇರೆಯಾಗಿ ಕಾಣುವುದಿಲ್ಲ.

ಎಳೆ ಹರಿದ ಕಡೆ

ಹೋಗಬೇಕೆನ್ನುವವರು ಕೇಳುವ ಮೊದಲ ಪ್ರಶ್ನೆ, ಪೂರ್ತಿ ವಾಹನವಿಲ್ಲದ ದಾರಿಯೇ? ಅಲ್ಲ. ಹೆಸರುವಾಸಿಯಾದ ‘ಲ್ವಾರ್ ಆ ವೆಲೊ’ ಸುಮಾರು 900 ಕಿಲೋಮೀಟರು ಲ್ವಾರ್ ನದಿಯ ಜೊತೆ ಸಮುದ್ರದವರೆಗೆ ಹೋಗುತ್ತದೆ; ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಅನ್ನುವ ಯುರೋಪಿನ ಉದ್ದನೆಯ ಸೈಕಲ್ ಮಾರ್ಗದ ಮೊದಲ ಭಾಗ ಬಹುಪಾಲು ಅದೇ. ಅದರಲ್ಲಿ ನದಿಯ ಪ್ರವಾಹ ತಡೆಯಲು ಕಟ್ಟಿದ ಏರಿಗಳ ಮೇಲೆ, ಕಾರು ಕಡಿಮೆ ಓಡಾಡುವ ಹಳ್ಳಿರಸ್ತೆಗಳ ಮೇಲೆ ಹೋಗುವ ಭಾಗವೂ ಸಾಕಷ್ಟಿದೆ. ಅದು ಕೆಟ್ಟದ್ದಲ್ಲ. ಅಲ್ಲಿಯ ಹಳ್ಳಿರಸ್ತೆಯಲ್ಲಿ ಕಾರಿನವರು ಸೈಕಲ್ಲಿಗೆ ಒಂದೂವರೆ ಮೀಟರು ಜಾಗ ಬಿಟ್ಟು ಹೋಗಬೇಕು, ಊರೊಳಗೆ ಒಂದು ಮೀಟರು. ನಾನು ಕಂಡಂತೆ ಬಹುಪಾಲು ಜನ ಬಿಡುತ್ತಾರೆ. ಆದರೆ ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಕ್ಕಳ ಜೊತೆ, ವಯಸ್ಸಾದವರ ಜೊತೆ ಹೋಗುವವರಿಗೆ ನಾನು ಹೇಳುವುದು ಜಿವ್ರಿ-ಕ್ಲೂನಿಯನ್ನೇ.

ಇನ್ನು ಕೆಲವು ಮಾತು. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಂಗಡಿ ಮುಚ್ಚಿರುತ್ತದೆ, ಸೋಮವಾರ ಬೇಕರಿಯೂ ಇಲ್ಲದೆ ಹೋಗಬಹುದು; ಬೆಳಿಗ್ಗೆ ಬ್ರೆಡ್ಡು, ಮೇಕೆ ಹಾಲಿನ ಚೀಸು, ಟೊಮೆಟೊ ಬ್ಯಾಗಿನಲ್ಲಿದ್ದರೆ ಸಸ್ಯಾಹಾರಿಗಳು ಯಾರ ಮುಲಾಜಿಗೂ ಬೀಳಬೇಕಾಗಿಲ್ಲ. ನಾವು ಚಟ್ನಿಪುಡಿಯನ್ನೂ ಇಟ್ಟುಕೊಂಡಿದ್ದೆವು. ನೀರು ಬೇಕಾದರೆ ಹಳ್ಳಿಯ ಸ್ಮಶಾನಕ್ಕೆ ಹೋಗಬೇಕು. ಸಮಾಧಿಯ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ಕುಡಿಯುವ ನೀರಲ್ಲ ಅಂತ ಬೋರ್ಡಿಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು. ನನಗೆ ಮೊದಲು ಮುಜುಗರವಾಗಿತ್ತು. ಹಿಡಿದ ಹೂದಾನಿಯನ್ನು ಪಕ್ಕಕ್ಕಿಟ್ಟು “ನೀವು ಮೊದಲು ಹಿಡಿದುಕೊಳ್ಳಿ” ಅಂದ ಅಲ್ಲಿಯ ಹಿರಿಯರನ್ನು ಕಂಡಮೇಲೆ ಆ ಮುಜುಗರ ಹೋಯಿತು.

ದಕ್ಷಿಣಕ್ಕೆ ಹೋಗುವವರು ಕನಾಲ್ ದ್ಯು ಮಿದಿಯ ನೆರಳನ್ನು ನಂಬಿ ಹೋಗಬೇಡಿ. ಪಿಯೆರ್-ಪೋಲ್ ರಿಕೆ 1660ರ ದಶಕದಲ್ಲಿ ಅಗೆಯಲು ಹಿಡಿದ, ತುಲೂಸ್‌ನಿಂದ ಮೆಡಿಟರೇನಿಯನ್ ದಡದ ತೋ ಸರೋವರಕ್ಕೆ ಹೋಗುವ 240 ಕಿಲೋಮೀಟರಿನ ಈ ಕಾಲುವೆಗೆ ಆಮೇಲಿನವರು ಸಾಲುಮರ ಹಾಕಿದರು, ಪ್ಲೇನ್ ಮರಗಳು, 42 ಸಾವಿರದಷ್ಟು. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ಬಂದಿರುವುದು ಗೊತ್ತಾಯಿತು. ಔಷಧಿಯಿಲ್ಲ. ರೋಗ ತಗುಲಿದ ಮರವನ್ನು ಕಡಿದು ಸುಡುವುದೇ ದಾರಿ, ಬೇರಿನಿಂದ ಬೇರಿಗೆ, ದೋಣಿಯ ಹಗ್ಗ ಉಜ್ಜಿದ ಗಾಯದಿಂದ ಇನ್ನೊಂದಕ್ಕೆ ಅದು ದಾಟುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂದ ರೋಗ ಇದು ಅನ್ನುತ್ತಾರೆ. ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಅವು ನೆರಳಾಗುವುದನ್ನು ನನ್ನ ಅಕ್ಕನ ಮಗಳು ನೋಡಬಹುದು.

ಬರುವ ಮೇ ತಿಂಗಳಿಗೆ ನಾವು ಹೋಗಬೇಕೆಂದಿರುವುದು ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಸೀಮೆಯ ನಾಂತ್-ಬ್ರೆಸ್ಟ್ ಕಾಲುವೆಗೆ. ಸಮುದ್ರದಲ್ಲಿ ಇಂಗ್ಲಿಷರ ಹಡಗುಗಳ ಕಾಟ ತಪ್ಪಿಸಿಕೊಂಡು ಬ್ರೆಸ್ಟ್ ಬಂದರಿಗೆ ಸರಕು ಮುಟ್ಟಿಸಲು ನೆಪೋಲಿಯನ್ ಕಾಲದಲ್ಲಿ ಶುರುವಾದದ್ದು, 360 ಕಿಲೋಮೀಟರಿಗೂ ಹೆಚ್ಚು. ಗ್ಲೊಮೆಲ್‌ನಲ್ಲಿ ಗುಡ್ಡ ಸೀಳಿ ತೋಡಿದ ದೊಡ್ಡ ಕಂದಕ ಇದೆ, ಖೈದಿಗಳಿಂದ ತೋಡಿಸಿದ್ದು; ಅದನ್ನು ನೋಡಬೇಕು. ಅದಕ್ಕಿಂತ ಹೆಚ್ಚಾಗಿ ಗೆರ್ಲೆದಾಂ ನೋಡಬೇಕು. 1920ರ ದಶಕದಲ್ಲಿ ವಿದ್ಯುತ್ತಿಗಾಗಿ ಅಲ್ಲೊಂದು ಅಣೆಕಟ್ಟು ಕಟ್ಟಿದರು, ಕಾಲುವೆ ಅಲ್ಲಿ ಎರಡು ತುಂಡಾಯಿತು. ಆ ಭಾಗದ ಲಾಕುಗಳು, ಕಾಯುವವರ ಮನೆಗಳು, ದಡದ ದಾರಿ ಎಲ್ಲ ಜಲಾಶಯದ ತಳದಲ್ಲಿವೆ. ದೋಣಿಗಳು ಅವತ್ತಿನಿಂದ ದಾಟಿಲ್ಲ. ಸೈಕಲ್ಲಿನವರು ಅಲ್ಲಿ ಕಾಲುವೆ ಬಿಟ್ಟು ಪಕ್ಕದ ಹಳೆಯ ರೈಲು ದಾರಿ ಹಿಡಿದು, ಆಚೆ ಮತ್ತೆ ಕಾಲುವೆಗೆ ಸೇರುತ್ತಾರೆ. ಅಕ್ಕನ ಮಗಳು ನಕ್ಷೆಯಲ್ಲಿ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕಳಿಸಿದ್ದಾಳೆ, ಹತ್ತಿರದಲ್ಲಿ ರಾತ್ರಿ ಉಳಿಯಲು ಜಾಗ ಹುಡುಕುತ್ತಿದ್ದಾಳೆ.